ಹಿತ್ತಿಲ ಮೊಳೆಗೆ ಸಿಕ್ಕಿಸಿದ ಟವೆಲ್

ಅರಸೀಕೆರೆಯಲ್ಲಿ ನನ್ನ ಹೋಟೆಲಿನ ಚಟ್ನಿ ವಾಸನೆಗೆ ರೈಲೇ ನಿಂತುಬಿಡ್ತಿತ್ತು. ಕೆಲಸದವರು ಮಾತ್ರ ನಿಲ್ತಿರಲಿಲ್ಲ. ಹೆಗಲ ಟವೆಲನ್ನು ಹಿತ್ತಿಲ ಬಾಗಿಲ ಮೊಳೆಗೆ ಸಿಕ್ಕಿಸಿದನೆಂದರೆ ಮುಗೀತು, ಆಳು ಕೆಲಸ ಬಿಟ್ಟ ಅಂತಲೇ ಅರ್ಥ. ನನಗಂತೂ ಸಾಕುಸಾಕಾಗಿತ್ತು.

ಅಂಥಾದ್ದರಲ್ಲಿ ತೆರಿಗೆ ಸಾಹೇಬ ಬಂದು ಗುಡುಗಿದ. "ಏನಯ್ಯಾ, ನಿನ್ನ ಆಳುಗಳ ವೃತ್ತಿ ತೆರಿಗೆ ಎಲ್ಲಿ? ನಾಳೆ ಬೀಗ ಹಾಕಿಸ್ತೀನಿ!"

"ಯಾವ ಆಳು ಸ್ವಾಮಿ? ತಿಂಗಳು ತುಂಬೋವರೆಗೆ ಒಬ್ಬನೂ ಇರಲ್ಲ."

"ಆಳು ನಿಲ್ಲಿಸ್ಕೊಳ್ಳೋಕೆ ಬರದವನಿಗೆ ಹೋಟೆಲ್ ಯಾಕೆ?"

"ಹಾಗಾದ್ರೆ ಇವತ್ತು ಮಧ್ಯಾಹ್ನದವರೆಗೆ ನೀವೇ ನಡೆಸಿ. ಈಗಿರೋ ಮೂವರಲ್ಲಿ ಒಬ್ಬನಾದ್ರೂ ಉಳಿದರೆ ಕೇಳಿದಷ್ಟು ಕಟ್ತೀನಿ. ಇಲ್ಲದಿದ್ರೆ ಬೀಗದ ಮಾತು ಬಿಡಿ."

ಸಾಹೇಬ ಮೀಸೆ ತಿರುವಿ ಗಲ್ಲಾದಲ್ಲಿ ಕೂತ. ಅವನ ಗದರಿಕೆಗೆ ದೋಸೆ ಭಟ್ಟ ಹೋದ, ಸಪ್ಲೈಯರ್ ಹೋದ, ಲೋಟ ತೊಳೆಯೋನೂ ಹೋದ. ಅಷ್ಟರಲ್ಲಿ ರೈಲು ಬಂತು. ಜನ ನುಗ್ಗಿ "ಸಾಂಬಾರ್ ಎಲ್ರೀ?" ಅಂತ ಮೇಜು ಕುಟ್ಟಿದರು.

ನಾನು ಸಾಹೇಬನ ಹೆಗಲಿಗೆ ಟವೆಲ್ ಹಾಕಿ, ಕೈಗೆ ಸಾಂಬಾರ್ ಬಕೆಟ್ ಕೊಟ್ಟೆ. "ಉಳಿದಿರೋದು ನೀವೊಬ್ಬರೇ. ನೀವು ನಿಂತರೂ ಸಾಕು, ತೆರಿಗೆ ಕಟ್ತೀನಿ."

ಒಂದು ದೋಸೆ ಮಗುಚಿ ತಿರುಗಿ ನೋಡ್ತೀನಿ, ಮೊಳೆಯ ಮೇಲೆ ಟವೆಲ್ ತೂಗಾಡ್ತಿದೆ!

ಸಂಬಳ ಕೇಳದೆ ನನ್ನ ಹೋಟೆಲ್ ಬಿಟ್ಟುಹೋದವನು ಅವನೊಬ್ಬನೇ ಕಣ್ರಯ್ಯಾ.