ಅಳಿಲುಗಳು ಕೂಡಿಟ್ಟ ಶಕ್ತಿ

ಒಂದು ಕಾಡಿನಲ್ಲಿ ಬೇಸಿಗೆ ಬಂತೆಂದರೆ ಬತ್ತಿಹೋಗುವ ಹಳ್ಳವೊಂದಿತ್ತು. ಅದರ ದಂಡೆಯಲ್ಲಿ, ಎರಡು ಬಂಡೆಗಳ ನಡುವಿನ ಪೊಟರೆಯಲ್ಲಿ, ತಾಯಿ ಮೊಲವೊಂದು ತನ್ನ ಮೂರು ಮರಿಗಳ ಜೊತೆ ವಾಸವಾಗಿತ್ತು. ಒಂದು ದಿನ ಅದು ಗರಿಕೆ ತರಲು ಹೋಗಿದ್ದಾಗ ಮೇಲಿಂದ ಗುಂಡುಕಲ್ಲೊಂದು ಉರುಳಿ ಬಂದು ಪೊಟರೆಯ ಬಾಯಿಗೆ ಸರಿಯಾಗಿ ಕೂತುಬಿಟ್ಟಿತು. ಮರಿಗಳು ಒಳಗೇ ಉಳಿದವು. ಕಲ್ಲಿನ ಪಕ್ಕ ಬೆರಳು ತೂರುವಷ್ಟು ಸಂದಿ ಇತ್ತು. ಅದರಿಂದ ಹುಲ್ಲು ತಳ್ಳಬಹುದಿತ್ತು, ಮರಿಗಳ ಅಳು ಕೇಳಬಹುದಿತ್ತು, ಅಷ್ಟೇ. ಮಳೆಗಾಲ ಬೇರೆ ಹತ್ತಿರ ಬಂದಿತ್ತು. ಹಳ್ಳ ತುಂಬಿದರೆ ಪೊಟರೆಯೂ ತುಂಬುತ್ತದೆ. ತಾಯಿಗೆ ಜೀವ ಬಾಯಿಗೆ ಬಂತು.

ಸುದ್ದಿ ತಿಳಿದು ಅಳಿಲುಗಳು ಬಂದವು, ಕೋತಿಗಳು ಬಂದವು. ಕಲ್ಲಿನ ಮುಂದೆ ಜಾಗ ಇಕ್ಕಟ್ಟು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಆದರೂ ಸರದಿಯ ಮೇಲೆ ಬೆಳಗಿನಿಂದ ಸಂಜೆಯ ತನಕ ತಳ್ಳಿದವು. ಎಲ್ಲರೂ ಸುಸ್ತಾದರು, ಕಲ್ಲು ಮಾತ್ರ ಮಿಸುಕಲಿಲ್ಲ.

ದೂರದಲ್ಲಿ ಕೂತು ನೋಡುತ್ತಿದ್ದ ನರಿ ಆಗ ಮೆಲ್ಲಗೆ ಎದ್ದು ಬಂತು. ಬೇರೆಯವರು ಕಷ್ಟದಲ್ಲಿದ್ದರೆ ಈ ನರಿಗೆ ಎಲ್ಲಿಲ್ಲದ ಹಸಿವು.

"ಇದು ನಿಮ್ಮಂಥವರ ಕೈಲಾಗೋ ಕೆಲಸ ಅಲ್ಲಮ್ಮ," ಎಂದಿತು ನರಿ. "ಕಾಡುಕೋಣ ಬಂದು ಒಂದು ಸಲ ಗುದ್ದಿದ್ರೆ ಮುಗೀತು. ಅವನು ಎಲ್ಲಿ ಮೇಯ್ತಿದ್ದಾನೆ ಅಂತ ನನಗೊಬ್ಬನಿಗೇ ಗೊತ್ತು. ಕರ್ಕೊಂಡು ಬರ್ತೀನಿ. ಮೂರರಲ್ಲಿ ಒಂದು ಮರಿ ನನಗೆ."

ಶುದ್ಧ ಸುಳ್ಳು. ಕಾಡುಕೋಣ ಬೆಟ್ಟದಾಚೆ ಹೋಗಿ ಎಷ್ಟೋ ಕಾಲವಾಗಿತ್ತು. ಆದರೆ ಮೊಲಕ್ಕೇನು ಗೊತ್ತು ಪಾಪ.

"ನನ್ನ ಮರೀನ ನಾನೇ ಕೊಡೋದಾ ನರಿಯಣ್ಣ?"

"ಮೂರೂ ಹೋಗೋದಕ್ಕಿಂತ ಎರಡಾದ್ರೂ ಉಳೀಲಿ. ಯೋಚನೆ ಮಾಡಿ ನಾಳೆ ಹೇಳು. ಮೋಡ ಮಾತ್ರ ಯೋಚನೆ ಮಾಡ್ತಾ ಕೂರಲ್ಲ," ಎಂದು ನರಿ ಬಾಲ ಕುಣಿಸುತ್ತ ಹೊರಟಿತು.

ತಾಯಿ ಮೊಲ ಬಿಕ್ಕಿ ಬಿಕ್ಕಿ ಅತ್ತಿತು. ಒಂದು ಮರಿಯನ್ನು ಕೊಟ್ಟೇಬಿಡೋಣ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುವಷ್ಟರಲ್ಲಿ, "ತಡಿಯೇ ಮಗಳೇ," ಎನ್ನುತ್ತ ಕೋತಿಯಜ್ಜಿ ಮರ ಇಳಿದು ಬಂತು. ಈ ಅಜ್ಜಿಯ ಹಲ್ಲು ಉದುರಿ ಯಾವ ಕಾಲವಾಗಿತ್ತೋ. ಬೇಲದ ಕಾಯಿ ತಿನ್ನಬೇಕಾದಾಗ ಅದನ್ನು ನಿಧಾನವಾಗಿ ಮರದ ತುದಿಗೆ ಹೊತ್ತು, ಬಂಡೆಯ ಮೇಲೆ ಬೀಳಿಸಿ ಒಡೆಯುತ್ತಿತ್ತು.

"ಈ ಕಲ್ಲು ಸರಿಸೋಕೆ ಬೇಕಾದಷ್ಟು ಶಕ್ತಿ ನಮ್ಮ ಹತ್ರನೂ ಇದೆ," ಎಂದಿತು ಅಜ್ಜಿ. "ಕೋಣ ಅದನ್ನ ಒಂದೇ ಉಸಿರಿಗೆ ಸುರೀತಾನೆ, ನಾವು ಚೂರುಚೂರೇ ಸುರೀತೀವಿ. ಅದಕ್ಕೇ ಅವನ ಸಾಮರ್ಥ್ಯ ದೊಡ್ಡದು, ನಮ್ಮದು ಚಿಕ್ಕದು. ಇವತ್ತು ದಿನವಿಡೀ ತಳ್ಳಿದ್ರಿ. ಎಲ್ಲ ದಂಡ ಆಯ್ತು. ಅದನ್ನ ಕೂಡಿಡಬೇಕಿತ್ತು."

"ಕೂಡಿಡೋಕೆ ಶಕ್ತಿ ಅಂದ್ರೆ ಕಡ್ಲೆಕಾಯಾ ಅಜ್ಜಿ?" ಎಂದು ಅಳಿಲೊಂದು ನಕ್ಕಿತು.

"ನಗು, ನಗು. ಭಾರವನ್ನ ಎತ್ತರಕ್ಕೆ ಹೊತ್ತರೆ, ಹೊರೋಕೆ ಹಾಕಿದ ಶಕ್ತಿ ಭಾರದಲ್ಲೇ ಕೂತಿರುತ್ತೆ. ಕೈ ಬಿಟ್ಟ ಕೂಡಲೇ ಅಷ್ಟೂ ಒಟ್ಟಿಗೆ ಹೊರಗೆ ಬರುತ್ತೆ. ನನ್ನ ಬೇಲದ ಕಾಯಿ ಮತ್ತೆ ಹೇಗೆ ಒಡೆಯುತ್ತೆ ಅಂದ್ಕೊಂಡೆ?"

ಮರುದಿನ ನರಿ ಬಂದಾಗ ತಾಯಿ ಮೊಲ, "ಬೇಡ," ಎಂದಿತು. ಆಗಲೇ ಕೆಲಸ ಶುರುವಾಗಿತ್ತು. ಗೀಜಗ ಹಕ್ಕಿಗಳು ನಾರಿನಿಂದ ದೊಡ್ಡ ಬುಟ್ಟಿ ಹೆಣೆದವು. ಕೋತಿಗಳು ಅದನ್ನು ಎತ್ತರದ ಬಂಡೆಯ ಅಂಚಿನಲ್ಲಿ ಇಟ್ಟವು. ದಪ್ಪ ಬಳ್ಳಿಯ ಒಂದು ತುದಿಯನ್ನು ಬುಟ್ಟಿಗೆ ಕಟ್ಟಿ, ಮರದ ಕೊಂಬೆಯ ಮೇಲೆ ಹಾಯಿಸಿ, ಇನ್ನೊಂದು ತುದಿಯನ್ನು ಗುಂಡುಕಲ್ಲಿಗೆ ಬಿಗಿದವು. ಅಳಿಲುಗಳು ಹಳ್ಳದ ಸಣ್ಣ ಸಣ್ಣ ಕಲ್ಲುಗಳನ್ನು ಹೊತ್ತು ಬುಟ್ಟಿಗೆ ಹಾಕಿದವು. ದಣಿದವು ಕೂತವು, ದಣಿವಾರಿದವು ಎದ್ದವು. ಮೇಲೇರಿದ ಒಂದು ಕಲ್ಲೂ ದಂಡವಾಗಲಿಲ್ಲ. ಕಲ್ಲು ಚೆಲ್ಲದಿರಲೆಂದು ಬುಟ್ಟಿಗೆ ಎಲೆ ಮುಚ್ಚಿಟ್ಟವು.

ದೂರದಿಂದ ಎಲೆ ಮುಚ್ಚಿದ ಬುಟ್ಟಿಯಷ್ಟೇ ಕಂಡ ನರಿಗೆ ತಡೆಯಲಾಗಲಿಲ್ಲ. "ಅಷ್ಟು ಜತನವಾಗಿ ಏನ್ರೋ ಕೂಡಿಡ್ತಿದ್ದೀರಿ?" ಎಂದು ಕೇಳಿತು.

"ನಮ್ಮ ಶಕ್ತಿ, ನರಿಯಣ್ಣ," ಎಂದಿತು ಅಳಿಲು.

ಅಳಿಲು ಹೇಳಿದ್ದು ನಿಜ. ಆದರೆ ಸುಳ್ಳು ಹೇಳಿಯೇ ಅಭ್ಯಾಸವಾದ ನರಿಗೆ ನಿಜ ಎಲ್ಲಿ ತಿಳಿಯಬೇಕು? ಮಳೆಗಾಲಕ್ಕೆಂದು ಹಣ್ಣುಹಂಪಲು ಬಚ್ಚಿಡುತ್ತಿದ್ದಾರೆ ಎಂದುಕೊಂಡು ಅದು ಬಾಯಿ ಚಪ್ಪರಿಸಿತು.

ಒಂದು ಮಧ್ಯಾಹ್ನ ಗುಡುಗು ಶುರುವಾಯಿತು. ಬೆಟ್ಟದ ಕಡೆಯಿಂದ ಕೆಂಪು ನೀರು ಹಳ್ಳಕ್ಕಿಳಿದು, ನೋಡನೋಡುತ್ತಿದ್ದಂತೆ ಪೊಟರೆಯ ಬಾಯಿ ಮುಟ್ಟಿತು. ಅಜ್ಜಿ ಬುಟ್ಟಿ ನೋಡಿ, "ಇನ್ನೂ ಸಾಲದು, ಬೇಗ ತನ್ನಿ," ಎಂದು ಎಲ್ಲರನ್ನೂ ಕರೆದುಕೊಂಡು ಕೆಳಗೆ ಓಡಿತು. ತಾಯಿ ಮೊಲವೂ ಬಾಯಲ್ಲಿ ಕಲ್ಲು ಕಚ್ಚಿ ಏರು ಹತ್ತತೊಡಗಿತು.

ಇದೇ ಸಮಯವೆಂದು ನರಿ ಪೊದೆಯಿಂದ ಹೊರಬಂದು ಬುಟ್ಟಿಯೊಳಕ್ಕೆ ಜಿಗಿಯಿತು. ಬುಟ್ಟಿ ವಾಲಿತು, ಜಾರಿತು, ನರಿಯ ಸಮೇತ ಧಡಾರನೆ ಕೆಳಗೆ ಬಿತ್ತು. ಬಳ್ಳಿ ಸೆಟೆಯಿತು. ಅತ್ತ ಗುಂಡುಕಲ್ಲು ಒಮ್ಮೆ ನಡುಗಿ, ಎದ್ದು, ಉರುಳಿ ಹೋಯಿತು. ಮೂರು ಮರಿಗಳೂ ಒದ್ದೆಯಾಗಿ, ಕಣ್ಣು ಪಿಳಿಪಿಳಿ ಬಿಡುತ್ತ ಹೊರಗೆ ಬಂದವು. ತಾಯಿ ಒಂದೊಂದನ್ನೂ ಮೂಸಿ ನೋಡಿ, ನೆಕ್ಕಿ, ದಂಡೆಯ ಮೇಲಕ್ಕೆ ಸೇರಿಸಿತು.

ಆಮೇಲೆ ಎಲ್ಲರೂ ಸೇರಿ ಕಲ್ಲುರಾಶಿಯ ಅಡಿಯಿಂದ ನರಿಯನ್ನು ಎಳೆದರು. ಅದರ ಮೂತಿ ಊದಿಕೊಂಡಿತ್ತು.

"ನರಿಯಣ್ಣ, ಕೋಣನೇನೂ ಬರಲಿಲ್ಲ," ಎಂದಿತು ತಾಯಿ ಮೊಲ. "ಆದ್ರೆ ನಮಗೆ ಸಾಲದೆ ಬಂದಿದ್ದು ನಿನ್ನಷ್ಟೇ ತೂಕ. ಅದನ್ನ ಬಿಟ್ಟಿ ಕೊಟ್ಟೆ ನೋಡು."

ನರಿ ಕುಂಟುತ್ತ ಹೊರಟುಹೋಯಿತು.

ನೀತಿ: ಒಂದೇ ಸಲಕ್ಕೆ ಆಗದ ಕೆಲಸಕ್ಕೂ, ದಿನದಿನದ ಶ್ರಮವನ್ನು ದಂಡವಾಗದಂತೆ ಕೂಡಿಟ್ಟರೆ ಚಿಕ್ಕವರ ಶಕ್ತಿ ಸಾಕು, ಪರರ ಕಷ್ಟದಲ್ಲಿ ಲಾಭ ಹುಡುಕುವವನು ಕೊನೆಗೆ ತಾನೇ ಕೆಳಗೆ ಬೀಳುತ್ತಾನೆ.