ಜೋಳದ ಎಲೆ ಮಧ್ಯಾಹ್ನ ಮೈ ಸುತ್ತಿಕೊಳ್ಳುವುದೇಕೆ

ಭೂಮಿ ಇನ್ನೂ ಹೊಸದಾಗಿತ್ತು ಮಗಾ. ಎರೆಮಣ್ಣಿಗೆ ಆಗಷ್ಟೇ ಕಪ್ಪು ಬಣ್ಣ ಹತ್ತಿತ್ತು. ಆಗ ಜೋಳದ ಎಲೆ ಹಗಲಿಡೀ ಮೈ ಹರವಿಕೊಂಡೇ ಇರುತ್ತಿತ್ತು.

ಎಲೆಯ ಮೈತುಂಬ ಬಾಗಿಲುಗಳು. ನಿನ್ನ ಚುರುಕು ಕಣ್ಣಿಗೂ ಕಾಣದಷ್ಟು ಸಣ್ಣವು. ಗಾಳಿಯಣ್ಣ ದಿನಾ ಬಂದು ಆ ಬಾಗಿಲಲ್ಲಿ ನಿಲ್ಲುತ್ತಿದ್ದ. ಬರುವಾಗ ಎಲೆಗೆ ಬುತ್ತಿ ತರುತ್ತಿದ್ದ. ಬಂದವನಿಗೆ ಎಲೆ ನೀರು ಕೊಡುತ್ತಿತ್ತು. ನಮ್ಮ ಮನೆಗೆ ಯಾರೇ ಬಂದರೂ ಮೊದಲು ಬೆಲ್ಲ, ನೀರು ಇಡುವುದಿಲ್ಲವೇ, ಹಾಗೆ. ಇಲ್ಲ ಅನ್ನುವ ಮಾತೇ ಜೋಳದ ಮನೆತನಕ್ಕೆ ಗೊತ್ತಿರಲಿಲ್ಲ.

ಆ ನೀರು ಹೊರುವವಳು ಬೇರಜ್ಜಿ. ನೆಲದೊಳಗಿನ ಕತ್ತಲಲ್ಲಿ ತಡಕಾಡಿ, ಹನಿ ಹನಿ ಕೂಡಿಸಿ ಮೇಲಕ್ಕೆ ಕಳಿಸುತ್ತಿದ್ದಳು.

ಒಂದು ವರ್ಷ ಹಿಂಗಾರಿ ಮಳೆ ಕೈಕೊಟ್ಟಿತು. ನೆಲ ಬಾಯಿ ಬಿಟ್ಟಿತು. ಗುಟುಕು ಕುಡಿದು ಹೋಗುತ್ತಿದ್ದ ಗಾಳಿಯಣ್ಣ ತಂಬಿಗೆ ತಂಬಿಗೆ ಕುಡಿಯತೊಡಗಿದ. ಪಾಪ, ಅವನದೇನು ತಪ್ಪು? ದಾರಿಯ ಹಳ್ಳ, ಕೆರೆ ಎಲ್ಲ ಒಣಗಿದ್ದವು.

ಹೊಲದಲ್ಲಿ ಒಂದು ಜೋಳದ ದಂಟು. ಅದರ ತುದಿಯ ಎಲೆಗೆ ಹಸರವ್ವ ಎಂದು ಹೆಸರು. ಇನ್ನೂ ಕಣ್ಣು ಬಿಡದ ತೆನೆಯ ಕೂಸು ಅವಳ ಮಡಿಲಲ್ಲಿತ್ತು. ಅವಳ ಅಕ್ಕ ಬುಡದ ಎಲೆ.

ಒಂದು ಮಧ್ಯಾಹ್ನ ಬೇರಜ್ಜಿ ಕೆಳಗಿನಿಂದ ಹೇಳಿ ಕಳಿಸಿದಳು. "ಕೊಡದ ತಳ ಕಾಣಾಕತ್ತೈತಿ ಮಕ್ಕಳ್ರಾ. ಬಾಗಿಲಾ ಹಾಕ್ಕೋರಿ."

ಅಕ್ಕ ಒಪ್ಪಲಿಲ್ಲ. "ಬಂದವರಿಗೆ ನೀರಿಲ್ಲ ಅಂತ ಹ್ಯಾಂಗ ಅನ್ನೂದು ಅಜ್ಜಿ? ನನ್ನ ಕೈಲೆ ಆಗೂದಿಲ್ಲ" ಎಂದಳು. ಗಾಳಿ ಕೇಳಿದಷ್ಟೂ ಕೊಟ್ಟಳು. ಹೊತ್ತು ಇಳಿಯುವ ಮುಂಚೆಯೇ ಹಳದಿಯಾಗಿ, ಕಂದು ಬಣ್ಣಕ್ಕೆ ತಿರುಗಿ, ದಂಟಿಗೆ ಜೋತುಬಿದ್ದಳು. ಹಸರವ್ವ ಎಷ್ಟು ಕರೆದರೂ ಓಗೊಡಲಿಲ್ಲ.

ಮರುದಿನ ಮಧ್ಯಾಹ್ನ ಗಾಳಿಯಣ್ಣ ಬುತ್ತಿ ಹಿಡಿದು ಮತ್ತೆ ಬಂದ. "ತಂಗೀ, ಗಂಟಲಾ ಆರೇತಿ. ನೀರು ಕೊಡವಾ" ಎಂದ.

ಹಸರವ್ವ ಮಡಿಲ ಕೂಸನ್ನು ನೋಡಿದಳು. ಕೊಟ್ಟರೆ ಕೂಸು ಉಳಿಯುವುದಿಲ್ಲ. ಬಾಗಿಲು ಹಾಕಿದರೆ ಬುತ್ತಿಯೂ ಒಳಗೆ ಬರುವುದಿಲ್ಲ, ತಾನು ಉಪವಾಸ. ಉಪವಾಸವನ್ನಾದರೂ ತಡೆದುಕೊಂಡಾಳು. ಆದರೆ ಅಣ್ಣನ ಮುಖ ನೋಡಿಕೊಂಡು ಇಲ್ಲ ಅನ್ನುವುದು ಹೇಗೆ?

"ಅಣ್ಣಾ, ಇದ್ದದ್ದು ಕೂಸಿಗಷ್ಟೇ ಐತಿ" ಎಂದಳು. "ಇವತ್ತು ನಿನಗ ಇಲ್ಲ."

ಅಂದದ್ದೇ ತಡ, ನಾಚಿಕೆಯಿಂದ ಕುಗ್ಗಿಹೋದಳು. ಬಾಗಿಲುಗಳನ್ನೆಲ್ಲ ಹಾಕಿದಳು. ಎರಡೂ ಅಂಚನ್ನು ಒಳಕ್ಕೆ ಎಳೆದುಕೊಂಡು, ಸೆರಗು ಹೊದ್ದವರ ಹಾಗೆ ಮೈ ಸುತ್ತಿಕೊಂಡು ಮುಖ ಮರೆಸಿಕೊಂಡಳು.

ಗಾಳಿಯಣ್ಣ ಹಿಂದಕ್ಕೆ ತಿರುಗಿದ. ಕೆಳಗೆ ಜೋತಿದ್ದ ಅಕ್ಕನಿಗೆ ಅವನ ಮೈ ತಾಗಿತು. ಒಣಗಿದ್ದ ಆಕೆ ಸರಸರ ಸದ್ದು ಮಾಡಿದಳು. ತಾನು ನಿನ್ನೆ ಕುಡಿದದ್ದು ಏನೆಂದು ಆಗ ಅವನಿಗೆ ತಿಳಿಯಿತು.

"ಮುಖಾ ಮುಚ್ಕೋಬ್ಯಾಡ ತಂಗೀ, ತಪ್ಪು ನಂದು" ಎಂದ. "ಇನ್ನ ಮುಂಜಾನಿ ತಂಪೊತ್ತಿಗೆ ಬುತ್ತಿ ತರ್ತೀನಿ. ಆಗ ನನಗ ಇಷ್ಟು ನೀರಡಿಕಿ ಇರೂದಿಲ್ಲ."

ಅವನು ಹಾಗೆ ಅಂದರೂ ಹಸರವ್ವ ಮಧ್ಯಾಹ್ನವಾದರೆ ಮುಖ ಮರೆಸಿಕೊಳ್ಳುವುದನ್ನು ಬಿಡಲಿಲ್ಲ. ಆ ವರ್ಷ ತೆನೆ ಸಣ್ಣದಾಯಿತು. ಒಂದು ಹಿಡಿ ಕಾಳೂ ಆಗಲಿಲ್ಲ. ಆದರೆ ಬೀಜ ಉಳಿಯಿತು.

ಅದಕ್ಕೇ ಮಗಾ, ಮಳೆ ಇಲ್ಲದ ವರ್ಷ ಉರಿ ಬಿಸಿಲಲ್ಲಿ ಹೊಲಕ್ಕೆ ಹೋಗಿ ನೋಡು: ಜೋಳದ ಬುಡದ ಎಲೆ ಒಣಗಿ ಜೋತಿರುತ್ತದೆ, ತುದಿಯ ಎಲೆ ಹಸಿದುಕೊಂಡು ಸುತ್ತಿಕೊಂಡಿರುತ್ತದೆ, ಅದರ ಮೇಲೆ ತೆನೆ ಹಾಲು ತುಂಬಿಕೊಳ್ಳುತ್ತಿರುತ್ತದೆ.