ಬೇವಿನ ಹೊಗೆ

"ಅಜ್ಜಾರ, ಗಾಂಜಾ ಸೇದಿದ್ರ ಎದಿಯಾಗ ಕ್ಯಾನ್ಸರ್ ಆಗ್ತದೇನ್ರಿ?"

ಅಯ್ಯಾಳಪ್ಪ ಕೊನೆಗೂ ಬಾಯಿ ಬಿಟ್ಟ. ಈ ಒಂದು ಮಾತನ್ನು ನಾಲಿಗೆ ತುದಿಯಲ್ಲಿಟ್ಟುಕೊಂಡು ಅವನು ಎಷ್ಟೋ ಸಲ ಮಠದ ಪಡಸಾಲೆಯವರೆಗೆ ಬಂದು, ಅಜ್ಜನವರ ಪಾದ ಮುಟ್ಟಿ, ಮಳೆ ಬೆಳೆಯ ಮಾತಾಡಿ ಹೊರಟುಹೋಗಿದ್ದ. ಇವತ್ತು ಪಡಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಅಯ್ಯಾಳಪ್ಪ ಆ ಮಠದ ಸ್ವಾಮಿಗಳಾದ ಅಜ್ಜನವರ ಶಿಷ್ಯ. ಭಜನೆಯಲ್ಲಿ ತಂಬೂರಿ ಹಿಡಿದು ತತ್ವಪದ ಹಾಡುವವನು. ಭಜನೆ ಮುಗಿದ ಮೇಲೆ ಹಾಡುಗಾರರೆಲ್ಲ ಮಠದ ಹಿಂದಿನ ಕಟ್ಟೆಗೆ ಹೋಗಿ ಚಿಲುಮೆ ಹಚ್ಚುವುದು ಮೊದಲಿನಿಂದ ನಡೆದುಬಂದದ್ದು. ಅಜ್ಜನವರು ಸೇದುವವರಲ್ಲ; ಸೇದುವವರನ್ನು ಬೈದವರೂ ಅಲ್ಲ. ಹಾಡುಗಾರರ ರೂಢಿಯಂತೆ ಗಾಂಜಾ ಸೊಪ್ಪನ್ನು ಮೊದಲು ಮೂಲಗುರುವಿನ ಗದ್ದುಗೆಗೆ ತೋರಿಸಬೇಕು. ಆಮೇಲೆ ಚಿಲುಮೆಯ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಸೇದಬೇಕು. ಗದ್ದುಗೆಗೆ ತೋರಿಸಿದ ಮೇಲೆ ಅದು ಪ್ರಸಾದ, ಪ್ರಸಾದದಿಂದ ಕೇಡಾಗುವುದುಂಟೇ? ಅಷ್ಟಿಷ್ಟು ಹೊಲಸು ಇದ್ದರೂ ಒದ್ದೆ ಬಟ್ಟೆ ಹಿಡಿದುಕೊಳ್ಳುತ್ತದೆ. ಹೀಗೆಂದು ನಂಬಿ ಅಯ್ಯಾಳಪ್ಪ ವರ್ಷಗಟ್ಟಲೆ ನಿಶ್ಚಿಂತೆಯಿಂದ ಸೇದಿದ್ದ. ಸೇದಿ ಮುಗಿಸಿದ ಮೇಲೆ ಬಟ್ಟೆ ಕಂದು ಬಣ್ಣಕ್ಕೆ ತಿರುಗಿರುವುದನ್ನು ಕಂಡರೆ ಅವನಿಗೆ ಸಮಾಧಾನವಾಗುತ್ತಿತ್ತು. ಬಟ್ಟೆ ದಾಟಿ ಒಳಗೆ ಹೋದದ್ದು ಎಷ್ಟು ಎಂದು ಅವನು ಯೋಚಿಸಿದವನೇ ಅಲ್ಲ.

ಅದೇ ಕಟ್ಟೆಯ ಮೇಲೆ ಜೊತೆಗೆ ಕೂತು ಸೇದುತ್ತಿದ್ದ ಹುಲಗಪ್ಪ ಶ್ವಾಸಕೋಶದ ಕ್ಯಾನ್ಸರ್ ಆಗಿ ತೀರಿಕೊಂಡ. ಅಂದಿನಿಂದ ಅಯ್ಯಾಳಪ್ಪನ ನಿದ್ದೆ ಹಾರಿಹೋಯಿತು. ಕೆಮ್ಮು ಅವನಿಗೂ ಇತ್ತು. ಮೊದಲು ಅದು ಬರಿಯ ಕೆಮ್ಮಾಗಿತ್ತು, ಈಗ ಒಂದೊಂದು ಸಲ ಕೆಮ್ಮಿದಾಗಲೂ ಜೀವ ಝಲ್ಲೆನ್ನುತ್ತಿತ್ತು. ಬೆಳಿಗ್ಗೆ ಎದ್ದರೆ ಮೊದಲ ಕೆಲಸ, ಉಗುಳಿದ್ದರಲ್ಲಿ ಕೆಂಪಿದೆಯೇ ಎಂದು ಬಗ್ಗಿ ನೋಡುವುದು. ಹುಲಗಪ್ಪ ಬೀಡಿಯನ್ನೂ ಸೇದುತ್ತಿದ್ದನಲ್ಲ, ಅವನನ್ನು ತಿಂದದ್ದು ಬೀಡಿಯೇ ಇರಬೇಕು ಎಂದು ಒಂದು ಗಳಿಗೆ ಧೈರ್ಯ ತಂದುಕೊಳ್ಳುವನು. ತಾನು ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ ಎಂಬ ಹೆಮ್ಮೆ ಬೇರೆ. ಚಿಲುಮೆಗೆ ಗಾಂಜಾ ಜೊತೆ ಬೆರೆಸುತ್ತಿದ್ದ ತಂಬಾಕು ಮಾತ್ರ ಈ ಮಹಾರಾಯನ ಲೆಕ್ಕಕ್ಕೇ ಬಂದಿರಲಿಲ್ಲ. ಅದು ನೆನಪಾದ ದಿನ ಅವನಿಗೆ ಊಟ ಸೇರಲಿಲ್ಲ.

ತಾಲ್ಲೂಕು ಆಸ್ಪತ್ರೆಗೂ ಹೋಗಿ ಬಂದಿದ್ದ. ಗಾಂಜಾದಿಂದಲೇ ಕ್ಯಾನ್ಸರ್ ಬರುತ್ತದೆಂದು ಇನ್ನೂ ಯಾರೂ ಖಾತ್ರಿಯಾಗಿ ಹೇಳಿಲ್ಲ ಎಂದು ಅಲ್ಲಿನ ಡಾಕ್ಟರಮ್ಮ ಹೇಳಿದ್ದರು. ಬರುವುದಿಲ್ಲವೆಂದೂ ಯಾರೂ ಹೇಳಿಲ್ಲ, ಬೀಡಿ ಹೊಗೆಯಲ್ಲಿರುವ ವಿಷ ಈ ಹೊಗೆಯಲ್ಲೂ ಬಹಳಷ್ಟಿದೆ, ಎದೆಯಂತೂ ಕೆಡುತ್ತದೆ, ಇವತ್ತೇ ಬಿಡು, ಎದೆಯ ಫೋಟೋ ತೆಗೆಸು ಎಂದೂ ಹೇಳಿದ್ದರು. ಅಯ್ಯಾಳಪ್ಪ ಮೊದಲ ಮಾತೊಂದನ್ನು ಜೋಪಾನವಾಗಿ ಮನೆಗೆ ತಂದ, ಉಳಿದದ್ದನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದ. ತಂದ ಮಾತಾದರೂ ನಿದ್ದೆ ಕೊಟ್ಟಿತೇ ಎಂದರೆ ಅದೂ ಇಲ್ಲ. ಕಟ್ಟೆಗೆ ಹೋಗುವುದನ್ನು ಮಾತ್ರ ಅವನು ಒಂದು ಸಂಜೆಯೂ ತಪ್ಪಿಸಿರಲಿಲ್ಲ.

"ಡಾಕ್ಟರಮ್ಮಗೂ ಖಾತ್ರಿ ಇಲ್ಲಂತ್ರಿ," ಎಂದ. "ನೀವರ ಒಂದು ಮಾತು ಹೇಳಿಬಿಡ್ರಿ. ನನ್ನ ಜೀವಕ್ಕ ಸಮಾಧಾನ ಆಗ್ತದ." ಹೇಳುತ್ತಿದ್ದಂತೆ ಕೆಮ್ಮು ಒತ್ತರಿಸಿ ಬಂತು.

ಅಜ್ಜನವರು ಆ ಕೆಮ್ಮು ನಿಲ್ಲುವ ತನಕ ಕಾದರು. ಆಮೇಲೆ ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಕೊಟ್ಟಿಗೆಯಲ್ಲಿ ಗೂಟಕ್ಕೆ ಕಟ್ಟಿದ ಒಂದು ಕರು ಇತ್ತು. ಸೊಳ್ಳೆಯ ಕಾಟ ಹೆಚ್ಚಾಯಿತೆಂದು ರೈತ ಪ್ರತಿ ಸಂಜೆ ಸಗಣಿ ಕುಳ್ಳಿನ ಕೆಂಡದ ಮೇಲೆ ಬೇವಿನ ಸೊಪ್ಪು ಹಾಕಿ ಹೊಗೆ ಎಬ್ಬಿಸುತ್ತಿದ್ದ. ಹೊಗೆ ಹೊರಗೆ ಹೋಗಿ ದಂಡವಾಗಬಾರದೆಂದು ಬಾಗಿಲು ಮುಚ್ಚಿ, ಕಿಂಡಿಗೆ ಗೋಣಿಚೀಲ ತುರುಕುತ್ತಿದ್ದ. ಸ್ವಲ್ಪ ದಿನಗಳಲ್ಲಿ ಕರು ಕೆಮ್ಮತೊಡಗಿತು.

"ಹೊಗಿ ಕುಡದು ಕೆಮ್ಮಲಿಕತ್ತದ. ಅದನ್ನ ಹೊರಗ ಕಟ್ರಿ," ಎಂದಳು ಹೆಂಡತಿ.

ರೈತನಿಗೆ ಸಿಟ್ಟು ಬಂತು. "ಇದು ಬೇವಿನ ಹೊಗಿ. ಬೇವು ಔಷಧ. ಔಷಧದಿಂದ ಯಾರಿಗರ ರೋಗ ಬರ್ತದೇನು?"

ಹಾಗೆಂದನೇ ಹೊರತು ಅವನಿಗೂ ಒಳಗೊಳಗೇ ಅನುಮಾನವಿತ್ತು. ಕರುವಿನ ಮೇಲೆ ಅವನಿಗೆ ಪ್ರೀತಿಯಿತ್ತು. ಮರುದಿನವೇ ಹೊರಟು, ಬೇವಿನ ಹೊಗೆಯಿಂದ ಕೇಡುಂಟೇ ಎಂದು ಊರೂರಲ್ಲಿ ವಿಚಾರಿಸತೊಡಗಿದ. ಒಂದೂರಿನವನು ತನ್ನ ಎತ್ತು ಬೇವಿನ ಹೊಗೆಯಲ್ಲೇ ಮುದಿಯಾಯಿತು, ಅದಕ್ಕೆ ಏನೂ ಆಗಲಿಲ್ಲ ಎಂದ. ರೈತನಿಗೆ ಹೋದ ಜೀವ ಬಂದಂತಾಯಿತು. ಇನ್ನೊಂದೂರಿನವನು ತನ್ನ ಕರು ಕೆಮ್ಮಿ ಕೆಮ್ಮಿ ಸತ್ತಿತು ಎಂದ. ರೈತ ಗಾಬರಿಯಾಗಿ, ಬರಿಯ ಬೇವನ್ನೇ ಸುಡುತ್ತಿದ್ದೆಯಾ ಎಂದು ಕೇಳಿದ. ಕುಳ್ಳಿನ ಕೆಂಡವಿಲ್ಲದೆ ಹಸಿ ಬೇವು ಹೊಗೆಯಾಡುವುದು ಹೇಗೆ ಎಂದು ಅವನು ನಕ್ಕ. ಹಾಗಾದರೆ ತಪ್ಪು ಕುಳ್ಳಿನದು, ಬೇವಿನದಲ್ಲ ಎಂದು ರೈತ ನಿಟ್ಟುಸಿರುಬಿಟ್ಟ. ತನ್ನ ಕೊಟ್ಟಿಗೆಯಲ್ಲೂ ಬೇವಿನ ಕೆಳಗೆ ಕುಳ್ಳೇ ಇತ್ತು ಎಂಬುದು ದಾರಿಯಲ್ಲಿ ನೆನಪಾಗಿ ಮತ್ತೆ ಇನ್ನೊಂದು ಊರಿನ ದಾರಿ ಹಿಡಿದ. ಎಲ್ಲ ಊರಲ್ಲೂ ಎರಡನ್ನೂ ಕೂಡಿಸಿಯೇ ಸುಡುತ್ತಿದ್ದರು. ಇದು ಬೇವಿನ ಪಾಪ, ಇದು ಕುಳ್ಳಿನ ಪಾಪ ಎಂದು ಬೇರೆ ಮಾಡಿ ಹೇಳುವವರು ಅವನಿಗೆ ಎಲ್ಲೂ ಸಿಗಲಿಲ್ಲ.

ಊರು ತಿರುಗಿದ ದಿನಗಳಲ್ಲೂ ಅವನು ಸಂಜೆಯ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿದ್ದ. ವಿಚಾರಣೆ ಮುಗಿಯುವ ತನಕ ಹೊಗೆ ನಿಲ್ಲಿಸಬಾರದೆಂದು ಅವನಿಗೆ ಯಾರೂ ಕಟ್ಟಳೆ ಹಾಕಿರಲಿಲ್ಲ. ಆದರೂ ಆ ಕಟ್ಟಳೆಯನ್ನು ಅವನು ಒಂದು ದಿನವೂ ಮೀರಲಿಲ್ಲ. ಆ ಸಂಜೆಯೂ ಕೆಂಡ ಮಾಡಿದ, ಬೇವು ಹಾಕಿದ, ಬಾಗಿಲು ಮುಚ್ಚಿದ. ಒಳಗೆ ಕರು ಕೆಮ್ಮುತ್ತಿತ್ತು. ಹೊರಗೆ ಕೂತ ರೈತ, ನಾಳೆ ಇನ್ನು ಯಾವ ಊರಿಗೆ ಹೋಗಿ ಕೇಳಲಿ ಎಂದು ಚಿಂತೆ ಮಾಡುತ್ತಿದ್ದ.

ಅಜ್ಜನವರು ಅಲ್ಲಿಗೆ ಕತೆ ನಿಲ್ಲಿಸಿದರು. ಅಯ್ಯಾಳಪ್ಪ ಕಾದ. ಮುಂದಿನದನ್ನು ಅವರು ಹೇಳುವಂತೆ ಕಾಣಲಿಲ್ಲ. ಅವನ ಗಂಟಲಲ್ಲಿ ಕೆಮ್ಮು ಬಂದು ನಿಂತಿತ್ತು, ಅದನ್ನು ಹೊರಗೆ ಬಿಡಲೂ ಹೆದರಿಕೆ. ಬೇವೋ ಕುಳ್ಳೋ ಅವನಿಗೆ ಈಗ ಬೇಕಾಗಿರಲಿಲ್ಲ. ಆ ಕರು ಬದುಕಿತೆಂದು ಯಾರಾದರೂ ಹೇಳಿದರೆ ಸಾಕಾಗಿತ್ತು.

"ಕರು ಉಳೀತೇನ್ರಿ, ಅಜ್ಜಾರ?"

ಅಜ್ಜನವರು ಅವನನ್ನೇ ನೋಡುತ್ತ ಕೇಳಿದರು: "ಆ ಕರೂನ ಗೂಟಕ್ಕ ಕಟ್ಟಿದ್ರು ತಮ್ಮಾ, ನಿನ್ನ ಯಾರು ಕಟ್ಟ್ಯಾರ?"